ಕಾರ್ಡಕ್ಕನ ಕರಿ ಪರದೆ

ನಾನು ಮೇಷ್ಟ್ರ ಕೆಲಸದಿಂದ ನಿವೃತ್ತನಾಗಿ ಗ್ರಂಥಾಲಯ ಸಮಿತಿಗೆ ಸೇರಿದ ದಿನವೇ, ಅಲ್ಲಿ ಕೆಲಸಕ್ಕಿದ್ದ, ಎಲ್ಲರೂ ಕಾರ್ಡಕ್ಕ ಎನ್ನುತ್ತಿದ್ದವಳನ್ನು ಮೊದಲು ಕಂಡದ್ದು. ಪುಸ್ತಕಗಳ ವಿವರ ಬರೆದ ಕಾರ್ಡು ತುಂಬಿದ, ಸೂಚಿಪತ್ರದ ಡ್ರಾಯರುಗಳನ್ನು ನೆಲದ ಮೇಲೆ ಹರಡಿಕೊಂಡು ಕುಳಿತಿದ್ದಳು. ತಲೆ ಎತ್ತದೆಯೇ, "ಮೇಷ್ಟ್ರೇ, ಸ್ವಲ್ಪ ಕಾಲು ತೆಗೀರಿ, ಇತಿಹಾಸದ ಮೇಲೆ ನಿಂತಿದ್ದೀರಿ" ಎಂದಳು.

ಮೂವತ್ತೊಂದು ಸಾವಿರ ಕಾರ್ಡುಗಳನ್ನು ಅವಳೊಬ್ಬಳೇ ಆರು ವರ್ಷ ಕೂತು ಕಂಪ್ಯೂಟರಿಗೆ ಹತ್ತಿಸಿದಳು. ಲೇಖಕರ ಹೆಸರು ಎರಡು ಬಗೆಯಾಗಿ ಕಂಡರೆ ಕಪಾಟಿಗೆ ಹೋಗಿ ಪುಸ್ತಕವನ್ನೇ ತೆರೆದು ನೋಡಿ ಬರುವಳು. ಆ ಸೂಚಿಯೇ ಅವಳ ಆಸ್ತಿ.

ಸೂಚಿ ಇದ್ದ ಹಳೆಯ ಕಂಪ್ಯೂಟರ್, ಅಂದರೆ ಸರ್ವರ್, ಸೋತು ಹೊಸದು ಬಂದಾಗ, ಅದನ್ನು ನಡೆಸಲು ಲಿನಕ್ಸ್ ಎಂಬ ಮೂಲ ತಂತ್ರಾಂಶದ ಹಲವು ಬಗೆಗಳಲ್ಲಿ ಯಾವುದನ್ನು ಹಾಕಬೇಕೆಂಬ ಪ್ರಶ್ನೆ ಎದ್ದಿತು. ಗ್ರಂಥಾಲಯದ ತಂತ್ರಾಂಶ ಮಾಡಿದವರೇ ಡೆಬಿಯನ್ ಎಂಬ ಬಗೆ ಒಳ್ಳೆಯದೆನ್ನುತ್ತಾರೆ, ಅದಕ್ಕೆ ವರ್ಷಗಟ್ಟಲೆ ದುರಸ್ತಿ ಸಿಗುತ್ತದೆ ಎಂದು ಕಾರ್ಡಕ್ಕ ಎರಡು ಪುಟದ ಟಿಪ್ಪಣಿ ಬರೆದುಕೊಟ್ಟಳು. ಕಾರ್ಯದರ್ಶಿಯ ಅಳಿಯ ಬೇರೊಂದನ್ನು ತಂದ. ಒಂಬತ್ತೇ ತಿಂಗಳು ದುರಸ್ತಿ ಸಿಗುವ ಹೊಸ ಆವೃತ್ತಿ ಅದು.

ಕುರ್ಚಿಯಿಂದ ಗೋಡೆಯ ಬಣ್ಣದವರೆಗೆ ಎಲ್ಲವನ್ನೂ ನೋಡಿ, ಕೈ ಎತ್ತಿ ಆರಿಸುವುದು ನಮ್ಮ ಸಮಿತಿಯ ರೂಢಿ. ಎರಡನ್ನೂ ಗೋಡೆಯ ಮೇಲೆ ತೋರಿಸಿದರು. ಅಳಿಯನದರಲ್ಲಿ ನೀಲಿ ಬೆಟ್ಟ, ಹೊಳೆಯುವ ಚಿತ್ರಗಳು. ಅವಳದರಲ್ಲಿ ಕರಿ ಪರದೆ, ಬಿಳಿ ಅಕ್ಷರ.

"ಸರ್ವರಿಗೆ ಚಂದ ಯಾಕೆ? ಬೀರು ಪಕ್ಕ ಇಟ್ಟು ಬಾಗಿಲು ಹಾಕ್ತೀವಿ ಅಷ್ಟೆ" ಎಂದಳು.

"ನಿಂದು ಯಾಕೋ ಸಾವಿನ ಮನೆ ಥರ ಇದೆಯಮ್ಮ" ಎಂದರು ಕಾರ್ಯದರ್ಶಿ. ಎಲ್ಲರೂ ನಕ್ಕೆವು. ನೀಲಿ ಬೆಟ್ಟಕ್ಕೆ ಏಳು ಕೈ ಎದ್ದವು. ಅದರಲ್ಲಿ ಒಂದು ನನ್ನದು.

ಸೂಚಿಯನ್ನು ಹೊಸದಕ್ಕೆ ಸಾಗಿಸಿದ ಮೇಲೆ ಹಳೆಯ ಸರ್ವರು, ಅವಳು ತೆಗೆದಿಟ್ಟಿದ್ದ ಸೂಚಿಯ ಪ್ರತಿಗಳು, ಕಾರ್ಡುಗಳು ಎಲ್ಲವೂ ಗುಜರಿಗೆ ಹೋದವು. ಹೊಸದರ ಪಾಸ್‌ವರ್ಡ್ ಅಳಿಯನ ಬಳಿ ಮಾತ್ರ ಉಳಿಯಿತು. ಹನ್ನೊಂದನೆಯ ತಿಂಗಳು ಅವನು ಮುಂದಿನ ಆವೃತ್ತಿಗೆ ಏರಿಸಿದ, ಗ್ರಂಥಾಲಯದ ತಂತ್ರಾಂಶ ಮೇಲೇಳಲಿಲ್ಲ. ಎಲ್ಲ ಅಳಿಸಿ ಹೊಸದಾಗಿ ಹಾಕುತ್ತೇನೆಂದ. ಮೊದಲು ಪ್ರತಿ ತೆಗೆಯಿರೆಂದು ಕಾರ್ಡಕ್ಕ ಬಾಗಿಲಿಗೆ ಅಡ್ಡ ನಿಂತಳಂತೆ. ಪ್ರತಿ ಇದೆ ಎಂದನಂತೆ. ಇದ್ದದ್ದು ನಿಜ, ಅಳಿಸಿದ ಡಿಸ್ಕಿನಲ್ಲೇ.

ಸೂಚಿ ಹೋದದ್ದಕ್ಕೆ ಕಾರ್ಡಕ್ಕನೇ ಹೊಣೆ, ಯಂತ್ರ ಅವಳ ಸುಪರ್ದಿಯಲ್ಲಿತ್ತೆಂದು ಸಮಿತಿ ಬರೆದುಕೊಂಡಿತು. ಅವಳ ಟಿಪ್ಪಣಿ ಕಡತದಲ್ಲಿದೆಯಲ್ಲ ಎಂದು ನಾನು ಎದ್ದು ಹೇಳಿದೆ.

"ನೀವೂ ಕೈ ಎತ್ತಿದ್ರಲ್ಲ ಮೇಷ್ಟ್ರೇ" ಎಂದರು ಕಾರ್ಯದರ್ಶಿ. ನಾನು ಕುಳಿತುಬಿಟ್ಟೆ.

ಈಗ ಅವಳು ಬಾಗಿಲ ಬಳಿ ಓದುಗರ ಚೀಲ ತೆಗೆದಿಟ್ಟು ಟೋಕನ್ ಕೊಡುತ್ತಾಳೆ. ಮೊದಮೊದಲು ಜನ ಪುಸ್ತಕ ಎಲ್ಲಿದೆಯೆಂದು ಅವಳನ್ನೇ ಕೇಳುತ್ತಿದ್ದರು. ಯಾವ ಕಪಾಟು, ಎಷ್ಟನೆಯ ಸಾಲು ಎಂದು ನೆನಪಿನಿಂದಲೇ ಹೇಳುತ್ತಿದ್ದಳು. ಹಾಗಾದರೆ ಹೊಸ ಸೂಚಿಗೆ ಅವಸರವಿಲ್ಲವೆಂದು ಸಮಿತಿ ತೀರ್ಮಾನಿಸಿತು. ಅಂದಿನಿಂದ ಹೇಳುವುದನ್ನು ನಿಲ್ಲಿಸಿದ್ದಾಳೆ. ಮೊನ್ನೆ ನಾನೂ ಒಂದು ಪುಸ್ತಕ ಕೇಳಿದೆ. ನನ್ನ ಚೀಲ ತೆಗೆದುಕೊಂಡು, ಟೋಕನ್ ಕೈಗಿಟ್ಟು, "ಒಳಗೆ ಕೇಳಿ ಸಾರ್" ಎಂದಳು.