ತಾನಾಗಿ ಆಗದ ತಪ್ಪು

ಬರೆದವಳು ನಾನು, ಅನುಭವಿಸಿದವರು ಸುಮತಿ ಅಕ್ಕ. ಇಂದು ಬೆಳಿಗ್ಗೆ ಮೆಲ್ಬರ್ನಿನ ನನ್ನ ಅಡುಗೆಮನೆಯಲ್ಲಿ ಚಿತ್ರಾನ್ನಕ್ಕೆಂದು ಹುರಿಯುತ್ತಿದ್ದ ಕಡಲೆಬೀಜ ಸೀದ ವಾಸನೆ ಬಂದಾಗ ಈ ವಾಕ್ಯ ಮತ್ತೆ ನೆನಪಾಯಿತು.

ಆಗ ನಾನು ಸಿಡ್ನಿಯಲ್ಲಿದ್ದೆ. ಅನ್ಯಾಯ ಕಂಡಲ್ಲಿ ಹೆಸರು ಹಿಡಿದು ಹೇಳುವುದು ನನ್ನ ವ್ರತ; ಕಾಣದಿದ್ದಲ್ಲಿ ಹುಡುಕುವುದೂ ಆ ವ್ರತದ ಅಂಗವೆಂದು ಸ್ನೇಹಿತರು ನಗುತ್ತಿದ್ದರು. ಕ್ವೇಕರ್ಸ್ ಹಿಲ್‌ನ ಸಭಾಂಗಣದಲ್ಲಿ ಕನ್ನಡಿಗರ ಯುಗಾದಿ ಊಟ. ಅಡುಗೆಯ ಹೊಣೆ ಉಡುಪಿಯ ಸುಮತಿ ಅಕ್ಕನದು. ಮೂಲೆಯಲ್ಲಿ ಪ್ರತ್ಯೇಕ ಮೇಜು, ಪ್ರತ್ಯೇಕ ಪಾತ್ರೆ, ಪ್ರತ್ಯೇಕ ಸೌಟು. ಯಾರನ್ನೂ ಒಂದು ಮಾತು ಕೇಳದೆ ಮನೆಗೆ ಬಂದು, ‘ಕಡಲು ದಾಟಿದ ಪಂಕ್ತಿಭೇದ’ ಎಂಬ ಲೇಖನವನ್ನು ಅಕ್ಕನ ಹೆಸರು ಸಹಿತ ನಮ್ಮ ಸುದ್ದಿಪತ್ರಿಕೆಗೆ ಕಳುಹಿಸಿದೆ. ಅದು ಮೊದಲ ಪುಟದಲ್ಲಿ ಅಚ್ಚಾದ ಮೇಲೆ ತಿಳಿಯಿತು: ಆ ಮೇಜು ಕಡಲೆಬೀಜದ ಅಲರ್ಜಿಯಿದ್ದ ಮಕ್ಕಳಿಗೆ ಹಾಕಿಸಿದ್ದು. ಅಷ್ಟರಲ್ಲಿ ಸುಮತಿ ಅಕ್ಕ ಸೌಟು ಕೆಳಗಿಟ್ಟು, ಹಬ್ಬಗಳಿಗೆ ಬರುವುದನ್ನೇ ನಿಲ್ಲಿಸಿದ್ದರು. ನಾನು ಮೆಲ್ಬರ್ನಿಗೆ ಬಂದುಬಿಟ್ಟೆ. ಹೋರಾಟಗಾರರೂ ಓಡಿಹೋಗುತ್ತಾರೆ, ಓದುಗರೇ; ಅದನ್ನು ನಾವು ಕೆಲಸದ ಬದಲಾವಣೆ ಎನ್ನುತ್ತೇವೆ.

ಇಲ್ಲಿ ನಾನು ಬಾಡಿಗೆಗಿದ್ದುದು ಮಿರಿಯಮ್ ಎಂಬ ಯಹೂದಿ ವೃದ್ಧೆಯ ಮನೆಯಲ್ಲಿ. ವರ್ಷಕ್ಕೊಮ್ಮೆ, ಯೋಮ್ ಕಿಪ್ಪುರ್ ದಿನ, ಅವರು ನೀರನ್ನೂ ಮುಟ್ಟದೆ ತಮ್ಮ ತಪ್ಪುಗಳಿಗಾಗಿ ಪ್ರಾರ್ಥಿಸುತ್ತಿದ್ದರು. ಅದರ ಹಿಂದಿನ ಮಧ್ಯಾಹ್ನ ಅವರಿಗೆ ಅಕ್ಕನ ಕಥೆಯನ್ನೆಲ್ಲ ಹೇಳಿ, ಪ್ರಾಯಶ್ಚಿತ್ತಕ್ಕಾಗಿ ನಾನೂ ಉಪವಾಸವಿರುವೆನೆಂದು ಘೋಷಿಸಿದೆ.

“ನೀನು ಹಸಿದರೆ ಅವಳಿಗೆ ಹೊಟ್ಟೆ ತುಂಬುತ್ತಾ?” ಎಂದು ಮಿರಿಯಮ್ ತಮ್ಮ ಇಂಗ್ಲಿಷಿನಲ್ಲಿ ಕೇಳಿದರು. “ದೇವರಿಗೆ ಮಾಡಿದ ತಪ್ಪನ್ನ ನಾಳೆ ದೇವರು ನೋಡ್ಕೋತಾನೆ. ಅವಳಿಗೆ ಮಾಡಿದ್ದನ್ನ ಅವಳೇ ಕ್ಷಮಿಸಬೇಕು. ಇನ್ನೂ ಬಿಸಿಲಿದೆ, ಸೂರ್ಯ ಮುಳುಗಿ ಉಪವಾಸ ಶುರುವಾಗೋ ಮೊದಲು ಫೋನ್ ಮಾಡು.”

ಮಾಡಿದೆ. “ತಪ್ಪಾಯ್ತು ಅಕ್ಕ” ಎಂದೆ.

ಆ ಕಡೆ ಕುಕ್ಕರ್ ಕೂಗಿ ಸುಮ್ಮನಾಯಿತು. “ಆಯ್ತು ಅಂದ್ರೆ ಎಂತದು ಮಾರಾಯ್ತಿ? ಅದು ತಾನಾಗಿಯೇ ಆದದ್ದಾ?”

ಕರ್ತೃಪದದ ಬಗ್ಗೆ ಇಷ್ಟು ಕಠಿಣ ಪ್ರಶ್ನೆಯನ್ನು ನನಗೆ ಯಾವ ಶಾಲೆಯಲ್ಲೂ ಕೇಳಿರಲಿಲ್ಲ. “ನಾನು ಮಾಡಿದೆ” ಎಂದೆ.

“ಹಾಂ. ಬೈದದ್ದು ಊರಿಗೆಲ್ಲ ಕೇಳುವ ಹಾಗೆ, ಕ್ಷಮೆ ಮಾತ್ರ ಗುಟ್ಟಿನಲ್ಲಾ? ಅದನ್ನೂ ಬರಿ. ಪೇಪರಿನಲ್ಲಿ ಬರಲಿ, ಮತ್ತೆ ನೋಡುವ.”

ಬರೆದು ಕಳುಹಿಸಿದೆ. ಅಚ್ಚಾದದ್ದು ಕೊನೆಯ ಪುಟದ ತಳದಲ್ಲಿ: ‘ಹಿಂದಿನ ಸಂಚಿಕೆಯೊಂದರಲ್ಲಿ ಕಣ್ತಪ್ಪಿನಿಂದ ದೋಷವೊಂದು ನುಸುಳಿದೆ. ವಿಷಾದಿಸುತ್ತೇವೆ.’ ಬಾಗಿಲ ಸಂದಿಯಲ್ಲಿ ಇಲಿ ನುಸುಳಿದಂತೆ. ಅಕ್ಕನ ಹೆಸರಿಲ್ಲ, ನನ್ನದೂ ಇಲ್ಲ. ಒಪ್ಪಿಕೊಳ್ಳುತ್ತೇನೆ, ಆಗ ನನಗೆ ಹಾಯೆನಿಸಿತ್ತು, ಸುಮ್ಮನಿದ್ದೆ. ಹಬ್ಬದ ಅಡುಗೆಗೆ ಅಕ್ಕ ಇನ್ನೂ ಸೌಟು ಹಿಡಿದಿಲ್ಲವಂತೆ.

ಬಾಣಲೆಯಲ್ಲಿ ಕಡಲೆಬೀಜ ಕರಿಕಲಾಗಿದೆ. ತಾನಾಗಿ ಅಲ್ಲ, ನಾನು ಸೀಯಿಸಿದೆ.

ಆದ್ದರಿಂದ, ಸಂಪಾದಕರೇ, ಬರುವ ಯುಗಾದಿ ಸಂಚಿಕೆಯ ಮೊದಲ ಪುಟದಲ್ಲಿ, ಅಂದಿನ ಲೇಖನದಷ್ಟೇ ದಪ್ಪ ಅಕ್ಷರಗಳಲ್ಲಿ ಹೀಗೆ ಅಚ್ಚು ಮಾಡಿ: ‘ಸುಮತಿ ಅಕ್ಕನ ಮೇಲೆ ಸುಳ್ಳು ಆರೋಪ ಹೊರಿಸಿದವಳು ನಾನು, ವಿಚಾರಿಸದೆ ಪ್ರಕಟಿಸಿದವನು ನಾನು.’ ಮೊದಲನೆಯದಕ್ಕೆ ನನ್ನ ಸಹಿ, ಎರಡನೆಯದಕ್ಕೆ ನಿಮ್ಮದು. ಎರಡು ‘ನಾನು’ಗಳಲ್ಲಿ ಒಂದನ್ನೂ ತಿದ್ದಬೇಡಿ.