ಗೊತ್ತುಂಟು ಅಪ್ಪಯ್ಯ

ಕೊಡಗು ಇನ್ನೂ ಮೈಸೂರಿಗೆ ಸೇರದ ಕಾಲದಲ್ಲಿ, ನಲವತ್ತರ ಪ್ರಾಯದಲ್ಲಿ ನಮ್ಮ ಮಡಿಕೇರಿಯ ಬಸ್ ಶೆಡ್ಡಿಗೆ ಕೆಲಸ ಕಲಿಯಲು ಬಂದ ಅಪ್ಪಯ್ಯನೆಂಬವನಿಗೆ ಏನನ್ನೂ ಕಲಿಸುವಂತಿರಲಿಲ್ಲ. ಸ್ಟಿಯರಿಂಗ್ ಒಂದು ಕಡೆಗೆ ಎಳೆಯುತ್ತದೆ ಎಂದರೆ "ಗೊತ್ತುಂಟು", ಸ್ಪ್ರಿಂಗು ಮುರಿದಿದೆ ಎಂದರೆ "ಗೊತ್ತುಂಟು". ಹೆಂಡತಿ ಇವತ್ತಿನ ಸಾರು ಏನೆಂದು ಹೇಳಹೋದರೂ "ಗೊತ್ತುಂಟು". "ಬ್ರೇಕಿಗೆ ಎಣ್ಣೆ ಹುಯ್ದ ಮೇಲೆ ಪೈಪಿನ ಗಾಳಿ ತೆಗೀಬೇಕು, ಇಲ್ಲದಿದ್ರೆ ಬ್ರೇಕ್ ಹಿಡಿಯೂದಿಲ್ಲ" ಎಂದು ಮೇಸ್ತ್ರಿ ಹೇಳಿದಾಗಲೂ ಅದೇ ಉತ್ತರ. ಗಾಳಿ ತೆಗೆಯದೆ ಅವನು ರಿಪೇರಿ ಮುಗಿಸಿ ಕಳಿಸಿದ ಬಸ್ಸು ಮರುದಿನ ಶನಿವಾರಸಂತೆಯ ಇಳಿಜಾರಿನಲ್ಲಿ ರಸ್ತೆ ಬದಿಯ ಮಣ್ಣಿನ ದರೆಗೆ ಗುದ್ದಿತು. ಎಲ್ಲರೂ ಡ್ರೈವರ್ ಕೆಂಪಣ್ಣನನ್ನೇ ಬೈದರು. ಕೈಗೆ ಪಟ್ಟಿ ಕಟ್ಟಿಸಿಕೊಂಡು ಶೆಡ್ಡಿಗೆ ಬಂದ ಕೆಂಪಣ್ಣ ತಲೆ ತಗ್ಗಿಸಿ, "ನಿಮ್ಮ ಕೆಲಸದಲ್ಲಿ ತಪ್ಪಿಲ್ಲ ಅಪ್ಪಯ್ಯಣ್ಣ, ನಾನೇ ಬ್ರೇಕ್ ಗಟ್ಟಿಯಾಗಿ ತುಳಿಲಿಲ್ಲ ಅಂತ ಕಾಣುತ್ತೆ" ಎಂದ. ಅಂದು ಮಾತ್ರ ಅಪ್ಪಯ್ಯನ ಬಾಯಿಂದ "ಗೊತ್ತುಂಟು" ಹೊರಡಲಿಲ್ಲ.