ಮತ್ತೊಬ್ಬರ ವಾಚು ಕಟ್ಟಿದ ಗುಡುಸಾಬ

ಮಾನ್ವಿ ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ ಗುಡುಸಾಬನ ವಾಚು ರಿಪೇರಿ ಅಂಗಡಿ ಇದೆ. ಅಂಗಡಿ ಅಂದರೆ ಗಾಜಿನ ಒಂದು ಪೆಟ್ಟಿಗೆ, ಒಂದು ಸ್ಟೂಲು, ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ. ನಲವತ್ತು ವರ್ಷದಿಂದ ಅವನದೊಂದು ರೂಢಿ. ಬಿಚ್ಚಿ ನೋಡಿದಷ್ಟಕ್ಕೇ ಯಾವ ವಾಚನ್ನೂ ಚಲೋ ಅನ್ನುವವನಲ್ಲ. ಎಂಟು ದಿನ ತನ್ನ ಮಣಿಕಟ್ಟಿಗೆ ಕಟ್ಟಿಕೊಂಡು ತಿರುಗಿ, ಆಮೇಲೆ ತನ್ನ ಮಾತು ಹೇಳುತ್ತಾನೆ. ಆ ಮಾತನ್ನು ನಂಬಿ ದೇವದುರ್ಗದಿಂದಲೂ ಜನ ಬರುತ್ತಾರೆ.

ಪೋತ್ನಾಳದ ಅಕ್ಕಿ ಗಿರಣಿಯ ಶಿವರಾಜ ಬಂದದ್ದೂ ಹಾಗೇ. ರಾಯಚೂರಿನ ಪರಿಚಯದವರೊಬ್ಬರು ಮಾರುವ ಮುಂಚೆ ನೋಡಲೆಂದು ಕೊಟ್ಟ ಸ್ವಿಸ್ ವಾಚು ತಂದಿದ್ದ. ಸಮುದ್ರದಲ್ಲಿ ಮುಳುಗುವವರಿಗಾಗಿ ಮಾಡಿದ್ದು, ಕೈ ಅಲುಗಿದರೆ ತಾನೇ ಕೀಲಿ ತುಂಬಿಕೊಳ್ಳುವಂಥದ್ದು.

"ಗುಡುಸಾಬಣ್ಣ, ಒಂದೂಕಾಲು ಲಕ್ಷ ಹೇಳ್ಯಾರ. ದಿನಾ ಗಿರಣ್ಯಾಗ ಕಟ್ಟಾಕ ಬರ್ತದೋ, ಬರೇ ಮದುವಿಗೆ ಹೋಗಾಕೋ? ನೀವು ಹೂಂ ಅಂದ್ರ ತಗೋತೀನಿ."

"ನನ್ನ ಕೈಗೆ ಬ್ಯಾಡ್ರಿ ಧಣಿ. ಹೆದರಿಕಿ ಬರ್ತದ."

"ಅದೇನು ಕಚ್ಚತದೇನ್ರಿ?" ಎಂದು ನಗುತ್ತ ಶಿವರಾಜ ತಾನೇ ಅವನ ಕೈಗೆ ಕಟ್ಟಿ ಹೋದ.

ಅಂದಿನಿಂದ ಗುಡುಸಾಬ ವಾಚಿನ ಮೇಲೆ ಟವಲ್ ಸುತ್ತಿ, ಎಡಗೈಯನ್ನು ಹೊತ್ತುಕೊಂಡವನಂತೆ ನಡೆದ. ಬಾಗಿಲಿನ ಚೌಕಟ್ಟು ಕಂಡರೆ ಭಯ, ಬಸ್ಸಿನ ಕಂಬಿ ಕಂಡರೆ ಭಯ. ಹೆಂಡತಿ ನೂರ್ ಬೀ ನೋಡಿ ನೋಡಿ ಕೇಳಿದಳು: "ಕೈ ಏನ್ ಮುರ್ಕೊಂಡೀರೇನು? ಟವಲ್ ಸುತ್ಕೊಂಡು ಅಡ್ಡಾಡಾಕತ್ತೀರಿ!"

ವಾಚು ಮಾತ್ರ ಹೆಸರಿಡುವಂತಿರಲಿಲ್ಲ. ದಿನಕ್ಕೆ ಐದು ಸೆಕೆಂಡು ಮುಂದೆ, ಅಷ್ಟೇ. ಗಾಜಿಗೆ ಗೀರಿಲ್ಲ. ಕೋಣೆಯ ಕತ್ತಲಲ್ಲಿ ಮುಳ್ಳುಗಳು ಹಸಿರಾಗಿ ಹೊಳೆದವು. ಆದರೆ ದಪ್ಪ ಹೆಚ್ಚು; ತುಂಬುತೋಳಿನ ಅಂಗಿಯ ಗುಂಡಿ ಹಾಕಲು ಬಿಡದು. ಬಿಸಿಲೇರಿ ಕೈ ಊದಿದಾಗ ಉಕ್ಕಿನ ಪಟ್ಟಿ ಬಿಗಿಯುತ್ತಿತ್ತು. ಇದನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಡುತ್ತಿದ್ದ.

ನಾಲ್ಕು ದಿನ, ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ಪ್ರತಿ ವಜೂಗೂ ವಾಚು ಬಿಚ್ಚಿ ಎದೆಜೇಬಿಗಿಟ್ಟ. ಐದನೆಯ ದಿನ, ನೀರು ಸೋಕಿಸದಿದ್ದರೆ ಇದೆಂಥ ಪರೀಕ್ಷೆ ಅನ್ನಿಸಿತು. ಸಂಜೆಯ ನಮಾಜಿಗೆ ಮುಂಚೆ ಕಟ್ಟಿಕೊಂಡೇ ನಲ್ಲಿಗೆ ಕೈಯೊಡ್ಡಿದ.

ಅಂಗಡಿಗೆ ಮರಳಿ ನೋಡಿದರೆ ಗಾಜಿನ ಒಳಗೆ ಮಂಜು.

ಪಕ್ಕದ ಕೀಲಿಗುಂಡಿ ಮುಟ್ಟಿದ. ಸಡಿಲ. ತಿರುಪಿ ಬಿಗಿದರೆ ಮಾತ್ರ ನೀರು ತಡೆಯುವ ಗುಂಡಿ ಅದು. ಬೆಳಿಗ್ಗೆ ಚಹಾ ಕುಡಿಯುತ್ತ ತಾನೇ ಅದನ್ನು ಬಿಚ್ಚಿ ಕೀಲಿ ಕೊಟ್ಟದ್ದು ನೆನಪಾಯಿತು. ಕೀಲಿ ಬೇಡದ ವಾಚಿಗೆ, ಹಳೇ ವಾಚುಗಳಿಗೆ ನಲವತ್ತು ವರ್ಷ ಕೊಟ್ಟಂತೆ, ಬೆರಳು ತಾನಾಗಿಯೇ ಕೊಟ್ಟಿತ್ತು. ಬಿಗಿಯುವುದು ಬೆರಳಿಗೆ ರೂಢಿಯಿರಲಿಲ್ಲ.

ಬೇಗನೆ ಮುಚ್ಚಳ ತೆಗೆದು ಬಲ್ಬಿನ ಕಾವಿಗಿಟ್ಟ. ಮಂಜು ಹೋಯಿತು. ಇನ್ನು ಯಾರಿಗೂ ಕಾಣದು. ಆದರೆ ಭೂತಗನ್ನಡಿಯಲ್ಲಿ ಒಂದು ತಿರುಪಿನ ತಲೆಯ ಮೇಲೆ ಸಣ್ಣ ಹನಿ ಉಳಿದಿತ್ತು. ಒರೆಸಿದ. ಒಳಗೆ, ತನ್ನ ಸಲಕರಣೆ ಮುಟ್ಟದ ಕಡೆ, ಇನ್ನೆಷ್ಟಿವೆಯೋ? ವರ್ಷ ಕಳೆದ ಮೇಲೆ ಶಿವರಾಜನ ಕೈಯಲ್ಲಿ ತುಕ್ಕು ಹಿಡಿಯುತ್ತದೆ, ಆಗ ಎಲ್ಲರೂ ಸ್ವಿಸ್ಸಿನವರನ್ನು ಬಯ್ಯುತ್ತಾರೆ. ಸುಮ್ಮನಿದ್ದರೂ ಭಯ, ಹೇಳಿದರೂ ಭಯ. ಹೇಳಿದರೆ ದೇವದುರ್ಗದಿಂದ ಇನ್ನು ಯಾರು ಬಂದಾರು?

ಮರುದಿನ ಬೆಳಿಗ್ಗೆಯೇ ಪೋತ್ನಾಳದ ಬಸ್ಸು ಹತ್ತಿದ. ಗಿರಣಿಯ ಸದ್ದಿನಲ್ಲಿ ಎರಡು ಸಲ ಹೇಳಬೇಕಾಯಿತು.

"ನೀರು ಹೋಗ್ಯಾದ್ರಿ. ತಪ್ಪು ವಾಚಿಂದಲ್ಲ, ನನ್ನದು. ಕೀಲಿ ಕೊಟ್ಟು ಬಿಗಿಯೋದು ಮರ್ತೆ."

ಶಿವರಾಜ ವಾಚು ಕಿವಿಗಿಟ್ಟು ಕೇಳಿದ. ಮುಖದಲ್ಲಿ ನಗುವಿರಲಿಲ್ಲ.

"ನೀವs ಮರ್ತ್ರಿ? ಹಂಗಾರ ನಾನು ನಾಕು ದಿನಕ್ಕ ಬಿಗಿಯೋದನ್ನ ಮರೀತೀನ್ರಿ. ನನಗ ಬ್ಯಾಡ." ವಾಚು ತಿರುಗಿಸಿ ನೋಡುತ್ತ ಅಂದ: "ಆದ್ರ ಇದು ನಂದಲ್ಲ. ರಾಯಚೂರಿನವ್ರಿಗೆ ನಾನೇನ್ ಹೇಳ್ಲಿ?"

"ನಾನs ಹೇಳ್ತೀನ್ರಿ. ರಿಪೇರಿಗೆ ಏನಾಗ್ತದೋ ಅದನ್ನೂ ನಾನs ಕೊಡ್ತೀನಿ."

"ಅವ್ರು ಭಾಳ ಸಿಟ್ಟಿನವ್ರು ಅಣ್ಣ."

"ಇರ್ಲಿ ಬಿಡ್ರಿ."

ಶಿವರಾಜ ವಾಚನ್ನು ಅವನ ಕೈಗೇ ಕೊಟ್ಟು, ಹತ್ತು ಗಂಟೆಯ ರಾಯಚೂರು ಬಸ್ಸಿಗೆ ತಾನೂ ಚಪ್ಪಲಿ ಮೆಟ್ಟಿದ. ಗುಡುಸಾಬ ಕೀಲಿಗುಂಡಿ ಬಿಗಿದಿದೆಯೇ ಎಂದು ಮುಟ್ಟಿ ನೋಡಿದ. ಹತ್ತು ಹೆಜ್ಜೆ ನಡೆದು ಮತ್ತೊಮ್ಮೆ ಮುಟ್ಟಿದ. ಬಸ್ಸು ಕಾಣುವ ಹೊತ್ತಿಗೆ ಅವನ ಬೆರಳು ಅಲ್ಲೇ ಇತ್ತು.